ಇನ್ನೂ ನೆಡದ ಗಾಳಿಯಂತ್ರದ ಸದ್ದು ಕೇಳಿ ಬಂದೆ

ಆಷಾಢದ ಎರಡನೇ ಗುರುವಾರ ಬೆಳಿಗ್ಗೆ ಏಳೂವರೆಗೆ ಕೆ.ಆರ್. ನಗರದಲ್ಲಿ ಹುಣಸೂರಿನ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಎರಡು ಸೀರೆ, ಒಂದು ಡಬ್ಬಿ ಚಕ್ಕುಲಿ, ಅರಿಶಿನ ಕುಂಕುಮ ಮತ್ತು ನನ್ನ ಕನ್ನಡಕ ಇದ್ದವು. ಈ ಪ್ರಯಾಣಕ್ಕೆ ಕನ್ನಡಕವೇ ಮುಖ್ಯ. ಹಿಂದಿನ ದಿನ ನಮ್ಮಕ್ಕ ಫೋನು ಮಾಡಿದ್ದಳು. "ನಮ್ಮೂರ್ ಮಂಟಿ ಮೇಲೆ ಗಾಳಿ ಫ್ಯಾನು ನಿಲ್ಲಿಸ್ತಾರಂತೆ ಕಣೆ. ಸುಕ್ರವಾರ ಮೀಟಿಂಗು. ಅದೇನೋ ಪುಸ್ತಕ ಕೊಟ್ಟವ್ರೆ. ಓದಕ್ಕೆ ನಂಗೂ ಆಗಾಕಿಲ್ಲ, ನಿಮ್ ಭಾವಂಗೂ ಆಗಾಕಿಲ್ಲ. ನೀನ್ ಬಂದು ಓದಿ, ಬಾಯ್ ಬುಟ್ಟು ಕೇಳ್ಬೇಕು."

ಶುಕ್ರವಾರ ಹನ್ನೊಂದು ಗಂಟೆಗೆ ಎಂದು ಕೇಳಿದಾಗಲೇ ನನಗೆ ಸಿಟ್ಟು ಬಂದಿತ್ತು. ಆಷಾಢ ಶುಕ್ರವಾರ ನಮ್ಮ ಕಡೆಯ ಹೆಂಗಸರೆಲ್ಲ ತಾಯಿ ಚಾಮುಂಡಿಗೆ ಪೂಜೆ ಮಾಡಿ, ತಂಬಿಟ್ಟು ಹಂಚಿ, ಮುತ್ತೈದೆಯರಿಗೆ ಕುಂಕುಮ ಕೊಡುವ ಹೊತ್ತು ಅದು. ಹೆಂಗಸರು ಬರಬಾರದೆಂದೇ ಆ ದಿನ ಇಟ್ಟರೋ, ಊರಿನಲ್ಲಿ ಹೆಂಗಸರೂ ಇರುತ್ತಾರೆಂಬುದು ನೆನಪಾಗಲೇ ಇಲ್ಲವೋ? ಎರಡರಲ್ಲಿ ಯಾವುದು ಹೆಚ್ಚಿನ ಅವಮಾನವೆಂದು ಬಸ್ಸು ಬಿಡುವವರೆಗೂ ಯೋಚಿಸಿದೆ.

ಹೆಂಗಸರಿಗೆ ಈಗ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿಯ ಚೀಟಿ ಕೊಡುತ್ತಾರೆ. ಬಸ್ಸಿನ ತುಂಬ ನಾವೇ. "ಎಲ್ಲಾ ನೀವೇ ತುಂಬ್ಕೊಂಡ್ರಿ, ನಾನೆಲ್ಲಿ ನಿಂತ್ಕಳ್ಳಿ ತಾಯಿ?" ಎಂದ ಕಂಡಕ್ಟರು. ಹಿಂದಿನಿಂದ ಒಬ್ಬಾಕೆ, "ನಿಂಗೆ ಸಂಬಳ ಬತ್ತದಲ್ಲ ಕಣಪ್ಪ, ನೀನ್ ನೇತಾಡು" ಎಂದಳು. ನನಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅದು ಆ ದಿನದ ಮೊದಲ ಪುಣ್ಯ. ಮೂವತ್ತು ಕಿಲೋಮೀಟರಿಗೂ ಕಡಿಮೆಯ ದಾರಿಗೆ ಒಂದು ಗಂಟೆ ಹಿಡಿಯಿತು.

ಹುಣಸೂರಿನಲ್ಲಿ ಸೋನೆ ಮಳೆ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ, ಒಂದು ಟೀಗೆ ಐವತ್ತೈದು ರೂಪಾಯಿ ಕೊಟ್ಟೆ. ಸಾಂಬಾರು ಬಿಸಿಯಾಗಿತ್ತು, ಅದು ಎರಡನೆಯ ಪುಣ್ಯ. ಅಲ್ಲಿಂದ ಕುಶಾಲನಗರದ ಬಸ್ಸು ಹಿಡಿದೆ. ಪಕ್ಕದಲ್ಲಿ ಕೂತವಳು ಎಚ್.ಡಿ. ಕೋಟೆಯ ಅಂತರಸಂತೆ ಕಡೆಯ ಹಾಡಿಯವಳು, ಕಾಫಿ ತೋಟದ ಕೂಲಿಗೆ ಹೊರಟಿದ್ದಳು. ನಾನು ಹೋಗುವ ಕಾರಣ ಹೇಳಿದೆ. ಅವಳು ನಕ್ಕು, "ಬರ್ಕೊಳಕ್ಕೆ ಯಾರಾನ ಬಂದ್ರೆ ಮನೇಲಿರೋ ಕೋಳಿನೂ ಸೇರ್ಸಿ ಏಳ್ಬೇಕು ಕಣಕ್ಕ. ಕಾಡಿಂದ ಎಬ್ಬಿಸ್ವಾಗ ನಮ್ಮೋರು ಎದ್ರಿಕೊಂಡು ಸುಮ್ನಿದ್ರು, ಎಂಟು ಮನೆ ಲೆಕ್ಕಕ್ಕೇ ಬರ್ಲಿಲ್ಲ" ಎಂದಳು. ಅವಳಿಗೆ ನಾಲ್ಕು ಚಕ್ಕುಲಿ ಕೊಟ್ಟೆ. ಎರಡು ತಿಂದು ಎರಡನ್ನು ಸೆರಗಿಗೆ ಕಟ್ಟಿಕೊಂಡಳು.

ಕಂಪಲಾಪುರ ಬರುವ ಹೊತ್ತಿಗೆ ರಸ್ತೆಯ ಎರಡೂ ಬದಿ ಹೊಗೆಸೊಪ್ಪಿನ ಹೊಲ, ನಡುನಡುವೆ ಬ್ಯಾರನ್ನುಗಳು. ಕಂಡಿಲ್ಲದವರಿಗೆ ಹೇಳುತ್ತೇನೆ: ಬ್ಯಾರನ್ನು ಎಂದರೆ ಹಸಿ ಸೊಪ್ಪನ್ನು ಬೇಯಿಸಿ ಒಣಗಿಸುವ, ಎತ್ತರದ, ಕಿಟಕಿಯಿಲ್ಲದ ಕಟ್ಟಡ. ಹೊರಗಿನಿಂದ ಒಲೆ ಉರಿಸುತ್ತಾರೆ. ಬಿಸಿ ಹೊಗೆ ತಗಡಿನ ಕೊಳವೆಯೊಳಗೆ ನೆಲದ ಮೇಲೆ ಸುತ್ತಿಕೊಂಡು ಹೋಗುತ್ತದೆ. ಮೇಲೆ ಸಾಲುಸಾಲು ಕಡ್ಡಿಗಳಲ್ಲಿ ಸೊಪ್ಪು ತೂಗುತ್ತದೆ. ಈ ಸೊಪ್ಪು ಯಾರಿಗೂ ಒಳ್ಳೆಯದು ಮಾಡುವುದಿಲ್ಲವೆಂದು ನನಗೂ ಗೊತ್ತು, ಅಕ್ಕನಿಗೂ ಗೊತ್ತು. ಆದರೆ ಆ ಮಣ್ಣಿನಲ್ಲಿ ಅವರಿಗೆ ಅನ್ನ ಕೊಟ್ಟದ್ದು ಅದೇ.

ಪಿರಿಯಾಪಟ್ಟಣದಲ್ಲಿ ಇಳಿದು ಹಾರನಹಳ್ಳಿ ಕಡೆಯ ಬಸ್ಸು, ಅಲ್ಲಿಂದ ತಲೆಗೆ ಮೂವತ್ತು ರೂಪಾಯಿಯ ಆಟೋ. ಊರಿನ ಹೆಸರನ್ನು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಆಟೋ ನಿಂತಲ್ಲಿ ಭಾವ ಸೋನೆಗೆ ತಲೆಯ ಮೇಲೆ ಗೊಬ್ಬರದ ಚೀಲ ಮಡಚಿ ಹಾಕಿಕೊಂಡು ನಿಂತಿದ್ದರು.

"ಓಹೋ, ನಾದಿನಿ ಲಾಯರಮ್ಮ ಬಂದ್ರು! ಕೋಟು ಎಲ್ಲಿ?"

"ನಿಮ್ಮ ಕೇಸಿಗೆ ಕೋಟು ಯಾಕೆ ಭಾವ, ಬಾಯಿ ಸಾಕು."

"ಅದಂತೂ ದೇವರು ದಾರಾಳವಾಗಿ ಕೊಟ್ಟವ್ನೆ" ಎಂದು ನನ್ನ ಬ್ಯಾಗು ತೆಗೆದುಕೊಂಡರು.

ಅಕ್ಕ ಭಾವ ಇರುವುದು ಊರಿನಿಂದ ಅರ್ಧ ಮೈಲಿ ಆಚೆ, ಮಂಟಿಯೆಂದು ಕರೆಯುವ ಗುಡ್ಡದ ಬುಡದಲ್ಲಿ. ಪಾಲಾದಾಗ ಊರೊಳಗಿನ ಮನೆಯೂ ತಂಬಾಕು ಮಂಡಳಿಯ ಲೈಸೆನ್ಸ್ ಇರುವ ಹಳೆಯ ಬ್ಯಾರನ್ನೂ ಭಾವನ ಅಣ್ಣನ ಪಾಲಿಗೆ ಹೋದವು. ಇವರು ಹೊಲದಲ್ಲಿ ಹೊಸ ಬ್ಯಾರನ್ನು ಕಟ್ಟಿ, ಅದರ ಗೋಡೆಗೇ ಒರಗಿಸಿ ಶೀಟಿನ ಎರಡು ಕೋಣೆ ಮಾಡಿಕೊಂಡು ಒಂಬತ್ತು ವರ್ಷದಿಂದ ಅಲ್ಲೇ ಇದ್ದಾರೆ. ಬಾಗಿಲಲ್ಲಿ ತುಳಸಿ, ಹಗ್ಗದ ಮೇಲೆ ಬಟ್ಟೆ, ಎರಡು ಹಸು, ಒಂದು ನಾಯಿ. ಊಟಕ್ಕೆ ಮುದ್ದೆ, ಹುರುಳಿಕಾಳಿನ ಉಪ್ಸಾರು. ಅಂಥ ಉಪ್ಸಾರು ನನಗೆ ಮಾಡಲು ಬರುವುದಿಲ್ಲ, ಒಪ್ಪಿಕೊಳ್ಳುತ್ತೇನೆ.

ಮಧ್ಯಾಹ್ನ ಕನ್ನಡಕ ಹಾಕಿ, ಗಾಳಿಯಂತ್ರದ ಕಂಪನಿ ಕೊಟ್ಟ ಪುಸ್ತಕ ಓದಲು ಕೂತೆ. ಯಾರ ಮನೆಯಲ್ಲೂ ಆಡದ ಕನ್ನಡ ಅದು. 'ಶಬ್ದ ಗ್ರಾಹಕ ಬಿಂದು' ಎಂದಿತ್ತು. ಮೂರು ಸಲ ಓದಿದ ಮೇಲೆ, ಅದು ಮನುಷ್ಯರ ಮನೆ ಎಂದು ಗೊತ್ತಾಯಿತು. ಕೊನೆಯಲ್ಲಿ ಬಣ್ಣದ ನಕ್ಷೆ. ಮಂಟಿಯ ಮೇಲೆ ಒಂಬತ್ತು ಗಾಳಿಯಂತ್ರ, ಸುತ್ತ ಕೆಂಪು, ಆಮೇಲೆ ಹಳದಿ, ದೂರದಲ್ಲಿ ಹಸಿರು. ಊರಿನ ಮನೆಗಳೆಲ್ಲ ಹಸಿರಿನಲ್ಲಿ ಪುಟ್ಟ ಚುಕ್ಕಿಗಳಾಗಿದ್ದವು. ಅಕ್ಕನ ಹೊಲದಲ್ಲಿ ಮಾತ್ರ ಚುಕ್ಕಿಯಿಲ್ಲ, ಬೂದು ಬಣ್ಣದ ಒಂದು ಚೌಕ. "ಇದೇನಕ್ಕ?" ಎಂದೆ. "ಏನೋ ಇರ್ಬೋದು ಬುಡು. ಇನ್ನರ್ಧ ಮುದ್ದೆ ಆಕ್ಲಾ?" ಎಂದಳು. ಊಟ ಮುಗಿದು ಆಗಲೇ ಗಂಟೆಯಾಗಿತ್ತು.

ಏಳನೇ ನಂಬರಿನ ಯಂತ್ರಕ್ಕೆಂದು ನೆಟ್ಟ ಗುರುತಿನ ಕಲ್ಲಿಗೆ ಅಕ್ಕನ ಬಾಗಿಲಿನಿಂದ ನಡೆದು ನೋಡಿದೆ. ನಾನೂರ ಇಪ್ಪತ್ತು ಹೆಜ್ಜೆ. ಆಷಾಢದ ಗಾಳಿ ಸೆರಗು ನಿಲ್ಲಗೊಡಲಿಲ್ಲ.

ಸಂಜೆ ಟೀ ಕುಡಿಯುತ್ತಾ ಮೂವರೂ ಬ್ಯಾರನ್ನಿನ ಗೋಡೆಗೆ ಒರಗಿ ಕೂತಿದ್ದೆವು. ಸೊಪ್ಪು ಹಾಕಿ ಅದು ನಾಲ್ಕನೆಯ ದಿನ, ಉರಿ ಜೋರು. ಅಕ್ಕ ಯಾರದೋ ಮದುವೆಯ ವಿಷಯ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ, "ಬಿತ್ತು" ಎಂದಳು. ನನಗೆ ಏನೂ ಕೇಳಿರಲಿಲ್ಲ. ಭಾವ ಲೋಟ ಬಿಸಾಡಿ ಓಡಿ, ಬಾಗಿಲು ತೆಗೆದು, ಕೊಕ್ಕೆಯ ಗಳುವಿನಿಂದ ಒಂದು ಕಡ್ಡಿಯನ್ನು ಈಚೆಗೆ ಎಳೆದರು. ಸೊಪ್ಪಿನ ಅಂಚು ಆಗಲೇ ಕೆಂಪಗಾಗಿ ಹೊಗೆಯಾಡುತ್ತಿತ್ತು. ಒಣಗಿದ ಸೊಪ್ಪಿನ ಕಡ್ಡಿ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ, ಸ್ವಲ್ಪ ಹೊತ್ತಿನಲ್ಲೇ ಇಡೀ ಬ್ಯಾರನ್ನು ಹತ್ತಿ ಉರಿಯುತ್ತದಂತೆ. ಗೋಡೆಯ ಈಚೆ ಮಲಗುವವರು ಅವರು. ಬೀಳುವ ಸದ್ದನ್ನು ಕೇಳಿಸಿಕೊಂಡೇ ಉಳಿಯಬೇಕು, ಬೇರೆ ದಾರಿಯಿಲ್ಲ.

"ನಿದ್ದೇಲೂ ಕೇಳ್ತದಾ ಅಕ್ಕ?"

"ನಿದ್ದೇಲೇ ಕಣೆ ಚೆನ್ನಾಗ್ ಕೇಳೋದು. ನಿಮ್ ಭಾವನ್ ಗೊರಕೆ ನಡುವೆನೂ ಕೇಳ್ತದೆ."

ಶುಕ್ರವಾರ ನಸುಕಿನಲ್ಲೇ ಎದ್ದು ಪೂಜೆ ಮುಗಿಸಿದೆವು. ಅಕ್ಕ ಒಲೆಯ ಬಾಯಿಗೂ ಅರಿಶಿನ ಹಚ್ಚಿ ಹೂವಿಟ್ಟಳು. ಉರಿ ನೋಡಿಕೊಳ್ಳಲು ಪಕ್ಕದ ಹೊಲದವರಿಗೆ ಹೇಳಿ ಹತ್ತೂವರೆಗೆ ಸಮುದಾಯ ಭವನ ಸೇರಿದೆವು. ಮಳೆ ಬಿಟ್ಟಿತ್ತು, ತಾಯಿ ದೊಡ್ಡವಳು. ಮುಂದಿನ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಜಮಖಾನದ ಮೇಲೆ ನಾವು ಹನ್ನೆರಡು ಹೆಂಗಸರು. ವೇದಿಕೆಯ ಮೇಲೆ ಒಬ್ಬ ದೊಡ್ಡ ಅಧಿಕಾರಿ, ಕಂಪನಿಯ ಇಬ್ಬರು, ಮತ್ತು ನಲವತ್ತರ ಆಸುಪಾಸಿನ ಮೈಸೂರಿನ ಇಂಜಿನಿಯರ್ ಹೆಂಗಸು. ಸದ್ದಿನ ಲೆಕ್ಕ ಮಾಡಿದ್ದು ಆಕೆಯೇ.

ಆಕೆ ಚೆನ್ನಾಗಿಯೇ ಹೇಳಿದರು. ಯಂತ್ರ ಎಷ್ಟು ಸದ್ದು ಮಾಡುತ್ತದೆ, ಗುಡ್ಡದ ಏರುತಗ್ಗು ಎಷ್ಟು, ನೆಲ ಮೆದುವೋ ಗಟ್ಟಿಯೋ, ಗಾಳಿ ಯಾವ ಕಡೆಗೆ ಬೀಸುತ್ತದೆ, ಇಷ್ಟನ್ನೂ ಕಂಪ್ಯೂಟರಿಗೆ ಕೊಟ್ಟರೆ, ಯಂತ್ರ ನೆಡುವ ಮೊದಲೇ ಪ್ರತಿ ಮನೆಯ ಬಾಗಿಲಲ್ಲಿ ಎಷ್ಟು ಕೇಳುತ್ತದೆಂದು ಅದು ಲೆಕ್ಕ ಹಾಕುತ್ತದೆ. ಬರೀ ಲೆಕ್ಕವಲ್ಲ, ಆ ಸದ್ದನ್ನು ಕಿವಿಗೆ ಹಾಕಿಯೂ ತೋರಿಸಬಹುದು. ದೊಡ್ಡ ಹೆಡ್‌ಫೋನು ಕೊಟ್ಟು ಒಬ್ಬೊಬ್ಬರನ್ನೇ ಕರೆದರು. "ಇದು ನಿಮ್ಮ ದೇವಸ್ಥಾನದ ಹತ್ತಿರ ಕೇಳೋ ಸದ್ದು." ಗಂಡಸರು ಹಾಕಿಕೊಂಡು, "ಏನೂ ಇಲ್ಲ ಬುಡ್ಲಾ, ಎಮ್ಮೆ ಉಸ್ರು ಬುಟ್ಟಂಗದೆ" ಎಂದು ನಕ್ಕರು. ಹೆಂಗಸರನ್ನು ಯಾರೂ ಕರೆಯಲಿಲ್ಲ. "ಎಲ್ಲ ಮಿತಿಯೊಳಗಿದೆ, ಇನ್ನು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬಹುದು" ಎಂದರು ಅಧಿಕಾರಿ.

ನಾನು ಎದ್ದು ಮುಂದೆ ಹೋದೆ.

"ಅಮ್ಮಾ, ನೀವು ಈ ಊರಿನವರಲ್ಲ ಅನ್ಸುತ್ತೆ" ಎಂದರು ಅಧಿಕಾರಿ.

"ಅಲ್ಲ ಸಾರ್. ನೀವೂ ಅಲ್ಲ."

ಹಿಂದೆ ಜಮಖಾನದ ಮೇಲೆ ಯಾರೋ ಕಿಸಕ್ಕೆಂದರು. ನಾನು ನಕ್ಷೆಯ ಬೂದು ಚೌಕ ತೋರಿಸಿ, "ಈ ಜಾಗದ ಸದ್ದು ಕೇಳಿಸಿ ಮೇಡಂ" ಎಂದೆ.

ಆಕೆ ಲ್ಯಾಪ್‌ಟಾಪಿನಲ್ಲಿ ಹುಡುಕಿ, "ಅಲ್ಲಿ ಬಿಂದು ಇಲ್ಲಮ್ಮ. ಅದು ಖಾಲಿ ಶೆಡ್. ವಾಸ ಇಲ್ಲದ ಕಡೆ ನಾವು ಲೆಕ್ಕ ಮಾಡಲ್ಲ" ಎಂದರು.

ಖಾಲಿ ಶೆಡ್! ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಮುದ್ದೆ ಉಂಡದ್ದು ಖಾಲಿ ಶೆಡ್ಡಿನಲ್ಲೋ? ಬೆಳಿಗ್ಗೆ ದೀಪ ಹಚ್ಚಿದ್ದು ಖಾಲಿ ಶೆಡ್ಡಿನಲ್ಲೋ? ನಿಮ್ಮ ಕಂಪ್ಯೂಟರಿಗೆ ಗುಡ್ಡದ ತಗ್ಗು ಕಾಣುತ್ತದೆ, ಒಂಬತ್ತು ವರ್ಷದ ತುಳಸಿಕಟ್ಟೆ ಕಾಣುವುದಿಲ್ಲವೋ? ಇನ್ನೂ ಏನೇನೋ ಅಂದೆ. ಎಲ್ಲವನ್ನೂ ಇಲ್ಲಿ ಬರೆಯಲು ಸಂಕೋಚವಾಗುತ್ತದೆ.

ಆಕೆ ಸಿಟ್ಟಾಗಲಿಲ್ಲ. "ಕಂಪ್ಯೂಟರ್ ತಾನಾಗಿ ಏನೂ ನೋಡಲ್ಲಮ್ಮ. ನಾವು ಕೊಟ್ಟಿದ್ದನ್ನೇ ಲೆಕ್ಕ ಹಾಕುತ್ತೆ. ನಾವು ಕೊಟ್ಟಿದ್ದು ಇದು" ಎಂದು ಸರ್ವೆಯ ಕಾಗದ ತೆರೆದು ತೋರಿಸಿದರು. 'ಇಲ್ಲಿ ಯಾರಾದರೂ ವಾಸವಿದ್ದಾರೆಯೇ?' ಎಂಬ ಪ್ರಶ್ನೆ. 'ಇಲ್ಲ' ಎಂಬ ಉತ್ತರ. ಕೆಳಗೆ ಸಹಿ. ಆ ಸಹಿ ನನಗೆ ಗೊತ್ತು. ಆ ಅಕ್ಷರಗಳನ್ನು ಸ್ಲೇಟಿನ ಮೇಲೆ ತಿದ್ದಿಸಿದವಳು ನಾನೇ.

ತಿರುಗಿ ನೋಡಿದೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಇಂಜಿನಿಯರ್ ಮೆಲ್ಲಗೆ ಹೇಳಿದರು: ಮಂಟಿಯ ಬುಡದಲ್ಲಿ ಇಂಥ ಹನ್ನೊಂದು ಇವೆ, ಹನ್ನೊಂದರಲ್ಲೂ 'ಇಲ್ಲ' ಎಂದೇ ಬರೆಸಿದ್ದಾರೆ.

ಅಕ್ಕನನ್ನು ಹೊರಗೆ ಮೆಟ್ಟಿಲ ಮೇಲೆ ಕರೆತಂದೆ. ಹಿಂದೆ ಭಾವನೂ ಬಂದರು.

"ಯಾಕಕ್ಕ ಅಂಗಂದೆ?"

"ಆ ವಯ್ಯ ಕೈಲಿ ಟ್ಯಾಬ್ ಇಡ್ಕೊಂಡು ಸೀದಾ ಬ್ಯಾರನ್ ಫೋಟೊ ತೆಕ್ಕೊಂಡ ಕಣೆ. ಲೈಸೆನ್ಸ್ ನೋಡಕ್ ಬಂದೋನು ಅನ್ಕೊಂಡೆ. ನಮ್ದಕ್ಕೆ ಲೈಸೆನ್ಸ್ ಎಲ್ಲದೆ? 'ಯಾರಿರ್ತೀರಾ ಇಲ್ಲಿ' ಅಂದ. ಯಾರೂ ಇಲ್ಲ ಸ್ವಾಮಿ, ಗೊಬ್ರ ಆಕೋ ಶೆಡ್ಡು ಅಂದೆ. ಎಲ್ರೂ ಅಂಗೇ ಅಂದವ್ರೆ."

"ಒಲೆ ಮೇಲೆ ಅನ್ನ ಕುದೀತಿರಲಿಲ್ವಾ?"

"ಕುದೀತಿತ್ತು. ಆ ವಯ್ಯಂಗೆ ಮಜ್ಜಿಗೆನೂ ಕೊಟ್ಟೆ, ಕುಡ್ದ."

ನನ್ನ ಸಿಟ್ಟಿಗೆ ಎತ್ತ ತಿರುಗಬೇಕೆಂದು ತಿಳಿಯಲಿಲ್ಲ. ಅಕ್ಕನ ಸುಳ್ಳು ಹೆದರಿಕೆಯದು. ಆದರೆ ಅನ್ನ ಕುದಿಯುವುದನ್ನು ನೋಡಿ, ಒಣಗುವ ಸೀರೆ ನೋಡಿ, ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು 'ವಾಸವಿಲ್ಲ' ಎಂದು ಬರೆದುಕೊಂಡು ಹೋದವನನ್ನು ಏನೆನ್ನಬೇಕು? ಕೇಳುವವನಿಗೂ ಅದೇ ಉತ್ತರ ಬೇಕಿತ್ತು.

ಇಂಜಿನಿಯರ್ ಹೊರಗೆ ಬಂದು ಸುತ್ತು ಬಳಸದೆ ಹೇಳಿದರು. ಇಂದು ಆಕ್ಷೇಪಣೆಗೆ ಕೊನೆಯ ದಿನ. ಇಲ್ಲಿ ವಾಸವಿದ್ದೇವೆಂದು ಬರೆದು ಸಹಿ ಮಾಡಿಕೊಟ್ಟರೆ ಬಿಂದು ಹಾಕಲೇಬೇಕಾಗುತ್ತದೆ. ಮಿತಿ ಮೀರಿದರೆ ಯಂತ್ರದ ಜಾಗ ಬದಲಿಸಬೇಕು, ಇಲ್ಲವೇ ಕತ್ತಲಾದ ಮೇಲೆ ನಿಧಾನ ಓಡಿಸಬೇಕು. ಬರೆದುಕೊಡದಿದ್ದರೆ ಈ ನಕ್ಷೆಯೇ ಖಾಯಂ. "ಆದರೆ ಆ ಕಾಗದ ಫೈಲಿಗೆ ಹೋಗುತ್ತೆ. ಆಮೇಲೆ ಯಾರು ಯಾರು ಓದ್ತಾರೋ, ನಾನು ಮಾತು ಕೊಡಕ್ಕಾಗಲ್ಲ."

"ಬ್ಯಾಡ ಬುಡಿ" ಎಂದರು ಭಾವ. "ಫ್ಯಾನ್ ಸದ್ದಿಗೆ ಯಾರೂ ಸಾಯಾಕಿಲ್ಲ. ಬ್ಯಾರನ್ ಮುಚ್ಚಿಸಿದ್ರೆ ಸಾಯ್ತೀವಿ."

ಅಕ್ಕ ಆಗ ತಲೆ ಎತ್ತಿದಳು. "ಅಲ್ಲ ಮೇಡಂ, ಅಲ್ಲಿ ಬಿಂದು ಆಕಿದ್ರೆ ಎಷ್ಟ್ ಸದ್ದು ಅಂತ ಈ ಕಿವೀಗ್ ಇಕ್ಕೊಳೋದ್ರಲ್ಲಿ ಕೇಳಿಸ್ಬೋದಾ? ಬರ್ಕೊಡೋಕ್ ಮುಂಚೆ?"

"ಕೇಳಿಸ್ಬಹುದು. ಅದು ಫೈಲಿಗೆ ಹೋಗಲ್ಲ."

ಒಳಗೆ ಹೋದೆವು. ಕಂಪನಿಯವರು ಮುಖ ಗಂಟಿಕ್ಕಿಕೊಂಡರು, ಆಕೆ ಲಕ್ಷಿಸಲಿಲ್ಲ. ಚೌಕದ ಮೇಲೆ ಚುಕ್ಕಿಯಿಟ್ಟು ಲೆಕ್ಕಕ್ಕೆ ಬಿಟ್ಟರು. ಎರಡು ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತು. ಚುಕ್ಕಿ ಕೆಂಪಾಯಿತು. ಮೊದಲು ನಾನು ಕೇಳಿದೆ. ಮೊರದಲ್ಲಿ ರಾಗಿ ಕೇರಿದ ಹಾಗೆ ವೂಷ್, ವೂಷ್, ವೂಷ್. ಜೋರೇನಲ್ಲ. ಆದರೆ ಕೇರುವ ಕೈಗೆ ಸೋಲೇ ಇಲ್ಲ. ಅಕ್ಕ ಹಾಕಿಕೊಂಡು ಕಣ್ಣು ಮುಚ್ಚಿದಳು. ತೆಗೆದಾಗ, "ಇದ್ರಲ್ಲಿ ಕಡ್ಡಿ ಬಿದ್ರೆ ಕೇಳ್ತದಾ?" ಎಂದಳು.

"ಯಾವ ಕಡ್ಡಿ?" ಎಂದರು ಇಂಜಿನಿಯರ್. ಅವರ ಲೆಕ್ಕದಲ್ಲಿ ಕಡ್ಡಿ ಇರಲಿಲ್ಲ. ಇರಲು ಹೇಗೆ ಸಾಧ್ಯ, ಯಾರೂ ಹೇಳಿಲ್ಲವಲ್ಲ.

ಅಕ್ಕ ಪಕ್ಕದ ಮನೆಯಿಂದ ಸೊಪ್ಪು ಕಟ್ಟಿದ ಒಂದು ಕಡ್ಡಿಯನ್ನೂ ಒಂದು ತಗಡಿನ ಚೂರನ್ನೂ ತರಿಸಿದಳು. ಭವನದ ಪಾತ್ರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವನನ್ನು ಆ ಗೋಡೆಗೆ ಒರಗಿಸಿ ಕೂರಿಸಿದೆವು. ಕಡ್ಡಿ ಬಿದ್ದಾಗಲೆಲ್ಲ ಕೈ ಎತ್ತಬೇಕು. ಹೆಡ್‌ಫೋನೇ ಕಿವಿ ಮುಚ್ಚುತ್ತದೆಂದು ನಾಳೆ ಕಂಪನಿಯವರು ಹೇಳಬಾರದೆಂದು, ಇಂಜಿನಿಯರ್ ಮೊದಲು ಸದ್ದಿಲ್ಲದೆ ಅದನ್ನು ಭಾವನ ಕಿವಿಗೆ ಹಾಕಿಸಿದರು. ಅಕ್ಕ ಮೂರು ಸಲ ಬೀಳಿಸಿದಳು. ಮೂರು ಸಲವೂ ಭಾವ ಕೈ ಎತ್ತಿದರು. "ಎರಡೇ ಅಲ್ಲ ಕಣ್ಲಾ, ಮೈಯೆಲ್ಲ ಕಿವಿ ನಮ್ ಗೌಡಂಗೆ" ಎಂದ ಒಬ್ಬ.

ಆಮೇಲೆ ಸದ್ದು ಹಾಕಿದರು. ಒಳಗೆ ತಗಡಿನ ಮೇಲೆ ಟಪ್ ಎಂದಿತು. ನಮಗೆಲ್ಲ ಕೇಳಿತು. ಭಾವ ಸುಮ್ಮನೆ ಕೂತಿದ್ದರು. ಮತ್ತೆ ಟಪ್. ಭಾವ ಮುಂಗೈ ನೋಡಿಕೊಳ್ಳುತ್ತಿದ್ದರು. ಆಮೇಲೆ ಏನೂ ಬೀಳದಿದ್ದಾಗ ಕೈ ಎತ್ತಿದರು. ಮೂರನೆಯದು ಬಿದ್ದಾಗ ಎತ್ತಲಿಲ್ಲ. ಬಾಗಿಲು ತೆರೆದು ಅಕ್ಕ ಹೊರಗೆ ಬಂದಳು.

ಭಾವ ಹೆಡ್‌ಫೋನು ತೆಗೆದು, "ಯಾಕೆ, ಇನ್ನೂ ಶುರು ಮಾಡ್ಲಿಲ್ವಾ?" ಎಂದರು.

ಎಲ್ಲರ ಮುಖ ನೋಡಿ ಅವರಿಗೆ ಅರ್ಥವಾಯಿತು. ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ನೋಡದೆ, "ಬರಿ ನಾದಿನಿ" ಎಂದರು.

ಬರೆದೆ. 'ನಾವು ಗಂಡ ಹೆಂಡತಿ ಒಂಬತ್ತು ವರ್ಷದಿಂದ ಈ ಬ್ಯಾರನ್ನಿಗೆ ಒರಗಿದ ಮನೆಯಲ್ಲಿ ವಾಸವಾಗಿದ್ದೇವೆ. ಹಿಂದೆ ಇಲ್ಲವೆಂದು ಹೇಳಿದ್ದು ಹೆದರಿಕೆಯಿಂದ. ಗೋಡೆಯಾಚೆ ಕಡ್ಡಿ ಬಿದ್ದರೆ ನಮಗೆ ಕೇಳಬೇಕು.' ಅಕ್ಕ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಸಹಿ ಮಾಡಿದಳು. ಭಾವನೂ ಮಾಡಿದರು. ಅಧಿಕಾರಿ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು, "ಇದರ ಪರಿಣಾಮ ಗೊತ್ತಾ ನಿಮಗೆ?" ಎಂದರು. "ಅದನ್ನ ನೀವು ಮೊದಲೇ ಹೇಳಬೇಕಿತ್ತು ಸಾರ್, ಸಹಿ ಮಾಡಬಹುದು ಅಂದಾಗಲೇ" ಎಂದೆ. ಮುದ್ರೆ ಒತ್ತಿಸಿಕೊಂಡು, ಇನ್ನೊಂದು ಪ್ರತಿಯನ್ನು ಅಕ್ಕನ ಅರಿಶಿನ ಕುಂಕುಮದ ಡಬ್ಬಿಯಲ್ಲಿ ಮಡಚಿಟ್ಟೆ.

ಉಳಿದ ಹತ್ತು ಬ್ಯಾರನ್ನಿನವರು ತಮ್ಮತಮ್ಮಲ್ಲೇ ಗುಸುಗುಸು ಮಾಡಿದರು. ಅವರು ಸೊಪ್ಪಿನ ಕಾಲದಲ್ಲಿ ಮಾತ್ರ ಅಲ್ಲಿ ಮಲಗುವವರು, ಆದರೂ ಮಲಗುವವರೇ. ಜಮಖಾನದಿಂದ ಒಬ್ಬ ವಿಧವೆ ಎದ್ದು ಬಂದು, "ನಂದೂ ಬರಿಯವ್ವ" ಎಂದಳು. ಆಮೇಲೆ ನಾಲ್ಕು ಮನೆಯವರು ಬಂದರು. ಉಳಿದವರು ಬಾಗಿಲ ಬಳಿ ನಿಂತಿದ್ದು, ಮೆಲ್ಲಗೆ ಹೊರಟುಹೋದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅಕ್ಕನಿಗಿದ್ದ ಹೆದರಿಕೆಯೇ ಅವರಿಗೂ ಇತ್ತು.

ಯಂತ್ರ ಜರುಗುತ್ತದೋ, ಬ್ಯಾರನ್ನು ಉಳಿಯುತ್ತದೋ, ಇದನ್ನು ಬರೆಯುವ ಹೊತ್ತಿಗೂ ಗೊತ್ತಾಗಿಲ್ಲ. ಅಕ್ಕ ವಾರಕ್ಕೊಮ್ಮೆ ಫೋನು ಮಾಡಿ, "ಯಾರೂ ಬಂದಿಲ್ಲ ಕಣೆ" ಎನ್ನುತ್ತಾಳೆ. ಬಾರದವರು ಯಂತ್ರದವರೋ ಲೈಸೆನ್ಸಿನವರೋ ಎಂದು ನಾನು ಕೇಳುವುದಿಲ್ಲ.

ಆ ಸಂಜೆ ನಾಲ್ಕೂವರೆಗೆ ಆಟೋ ಸಿಕ್ಕಿತು. ಅಕ್ಕ ಒಂದು ಗಂಟು ಅವರೆಕಾಳು, ಒಂದು ಸೀಸೆ ತುಪ್ಪ ಕೊಟ್ಟಳು. ಏರು ಹತ್ತಿ ಆಟೋ ತಿರುಗುವ ಕಡೆ ಹಿಂದೆ ನೋಡಿದೆ. ಗಾಳಿ ಇಳಿದಿತ್ತು. ಮಂಟಿಯ ಬುಡದಲ್ಲಿ ಹನ್ನೊಂದು ಬ್ಯಾರನ್ನುಗಳಿಂದಲೂ ಹೊಗೆ ನೆಟ್ಟಗೆ ಏಳುತ್ತಿತ್ತು. ಒಂದರ ಮುಂದೆ ಯಾರೋ ಹೆಂಗಸು ಬಟ್ಟೆ ತೆಗೆಯುತ್ತಿದ್ದಳು, ಇನ್ನೊಂದರ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಸರ್ಕಾರದ ಕಾಗದದಲ್ಲಿ ಅವುಗಳ ಪೈಕಿ ಐದರಲ್ಲಿ ಇವತ್ತಿಗೂ ಯಾರೂ ಇಲ್ಲ.